ಗಿಟೋ ಲಾ: ಬಾಗಿಲು ಮುಚ್ಚಿದ ನಿಯಮ ಅಲ್ಲ, ತೆರೆದದ್ದು

ರಗ್ಬಿ ಆಟಗಾರನೊಬ್ಬ ಫ್ರಾನ್ಸ್‌ಗೋ ಜಪಾನ್‌ಗೋ ಹೊರಟ ಸುದ್ದಿ ಬಂದರೆ ಸಾಕು. ‘ಗಿಟೋ ಲಾ ಪ್ರಕಾರ ಇನ್ನು ಅವನಿಗೆ ದೇಶದ ಪರ ಆಡುವ ಅರ್ಹತೆ ಇಲ್ಲ’ ಅಂತ ಯಾರಾದರೂ ಬರೆದೇ ಬರೆಯುತ್ತಾರೆ. ಮೊನ್ನೆ ನ್ಯೂಜಿಲೆಂಡ್ ಆಟಗಾರನ ಬಗ್ಗೆಯೂ ಹೀಗೇ ಬರೆದಿದ್ದರು. ಇದು ಯಾಕೋ ಜಾಸ್ತಿಯಾಯಿತು.

ಗಿಟೋ ಲಾ ಅಂದರೆ ಹೊರದೇಶದ ಕ್ಲಬ್‌ಗಳಲ್ಲಿ ಆಡುವವರ ಆಯ್ಕೆ ಬಗ್ಗೆ ಆಸ್ಟ್ರೇಲಿಯಾ ರಗ್ಬಿ ಮಾಡಿದ ನಿಯಮ. ಬಾಗಿಲು ಮುಚ್ಚಿದ್ದು ಅದಲ್ಲ. ಆಸ್ಟ್ರೇಲಿಯಾದಲ್ಲಿ ಬಾಗಿಲು ಮೊದಲೇ ಮುಚ್ಚಿತ್ತು. ಹೊರಗಿನ ಕ್ಲಬ್ ಸೇರಿದವನಿಗೆ ವಾಲಬೀಸ್, ಅಂದರೆ ಆಸ್ಟ್ರೇಲಿಯಾ ರಾಷ್ಟ್ರೀಯ ತಂಡದಲ್ಲಿ ಜಾಗ ಇರಲಿಲ್ಲ. ನಿಯಮಕ್ಕೆ ಹೆಸರು ಬಂದದ್ದು ಆಸ್ಟ್ರೇಲಿಯಾ ಆಟಗಾರ ಮ್ಯಾಟ್ ಗಿಟೋ ಅವರಿಂದ. ಅವರಿಗೆ 2011ರ ವಿಶ್ವಕಪ್ ತಂಡದಲ್ಲಿ ಸ್ಥಾನ ಸಿಗಲಿಲ್ಲ. ಅದೇ ವರ್ಷ ಅವರು ಫ್ರಾನ್ಸ್‌ನ ಟುಲೋನ್ ಕ್ಲಬ್ ಸೇರಿದರು. ಆ ಕ್ಲಬ್ 2013ರಲ್ಲೂ 2014ರಲ್ಲೂ ಯುರೋಪ್ ಚಾಂಪಿಯನ್ ಆಯಿತು. ಇಂಥ ಆಟಗಾರನನ್ನು ದೂರದಿಂದ ನೋಡಿ ಎಷ್ಟು ದಿನ ಇರೋಕಾಗುತ್ತದೆ? 2015ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾ ಮಂಡಳಿ ಮೆತ್ತಗಾಯಿತು. 60 ಟೆಸ್ಟ್ ಆಡಿ, 7 ವರ್ಷ ಆಸ್ಟ್ರೇಲಿಯಾ ರಗ್ಬಿಯಲ್ಲಿ ದುಡಿದವರು ಎಲ್ಲಿದ್ದರೂ ಆಯ್ಕೆಯಾಗಬಹುದು ಎಂದಿತು. (ರಗ್ಬಿಯಲ್ಲಿ ಟೆಸ್ಟ್ ಎಂದರೆ ಐದು ದಿನದ ಆಟ ಅಲ್ಲ, ಎರಡು ದೇಶಗಳ 80 ನಿಮಿಷದ ಪಂದ್ಯ.) ಗಿಟೋ ಮತ್ತು ಅದೇ ಕ್ಲಬ್‌ನ ಡ್ರೂ ಮಿಚೆಲ್ ತಂಡಕ್ಕೆ ಮರಳಿದರು. ಆ ವರ್ಷ ಆಸ್ಟ್ರೇಲಿಯಾ ವಿಶ್ವಕಪ್ ಫೈನಲ್ ತಲುಪಿ ನ್ಯೂಜಿಲೆಂಡ್‌ಗೆ 34-17ರಿಂದ ಸೋತಿತು. ತಲೆಗೆ ಪೆಟ್ಟಾಗಿ ಗಿಟೋ ಮೊದಲಾರ್ಧದಲ್ಲೇ ಹೊರನಡೆದಿದ್ದರು.

ಆ 60 ಯಾಕೆ? ಫ್ರಾನ್ಸ್‌ನ ಅಗ್ರ ಲೀಗ್ ಟಾಪ್ 14ರ ಕ್ಲಬ್‌ಗಳು ಕೊಡುವ ದುಡ್ಡಿಗೆ ಆಸ್ಟ್ರೇಲಿಯಾ ಸರಿಸಾಟಿ ಆಗಲಾರದು. ಎಲ್ಲರನ್ನೂ ಬಿಟ್ಟರೆ ಊರಿನ ಪಂದ್ಯಗಳಿಗೆ ಜನ ಬರಲ್ಲ. ಹಾಗಾಗಿ ಚೆನ್ನಾಗಿ ದುಡಿದವನಿಗೆ ಮಾತ್ರ ವಿನಾಯಿತಿ. ನಿವೃತ್ತರಾಗದೆ ವಿದೇಶಿ ಟಿ20 ಲೀಗ್‌ಗೆ ಹೋಗಲು ಬಿಸಿಸಿಐ ಬಿಡಲ್ಲ ಅಲ್ವಾ, ಚಿಂತೆ ಹೆಚ್ಚುಕಮ್ಮಿ ಅದೇ. ಈ ಷರತ್ತು ಮುಂದೆ ಇನ್ನಷ್ಟು ಸಡಿಲವಾಯಿತು. ಹೆಸರು ಮಾತ್ರ ಉಳಿಯಿತು.

ಇನ್ನು ‘ಅರ್ಹತೆ’. ನನಗೆ ಸಿಟ್ಟು ಬರುವುದು ಇಲ್ಲೇ. ಅರ್ಹತೆ ತೀರ್ಮಾನಿಸುವುದು ಈ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿ. ಆ ದೇಶದಲ್ಲಿ ಹುಟ್ಟಿರಬೇಕು, ಇಲ್ಲ ಅಪ್ಪ ಅಮ್ಮನೋ ಅಜ್ಜ ಅಜ್ಜಿಯೋ ಅಲ್ಲಿ ಹುಟ್ಟಿರಬೇಕು, ಅದೂ ಇಲ್ಲದಿದ್ದರೆ ಅಲ್ಲಿ ವರ್ಷಗಟ್ಟಲೆ ನೆಲೆಸಿರಬೇಕು. ಮೊದಲು 3 ವರ್ಷ ಸಾಕಿತ್ತು, ಈಗ 5. ಪ್ಯಾರಿಸ್‌ನಲ್ಲಿ ಸಂಬಳ ತಗೊಂಡರೆ ಅಜ್ಜಿ ಹುಟ್ಟಿದ ಊರು ಬದಲಾಗುತ್ತದೆಯೇ? ಕ್ಲಬ್ ತಡೆಯುತ್ತದೆ ಅನ್ನುವಂತೆಯೂ ಇಲ್ಲ. ನಿಗದಿತ ಅಂತರರಾಷ್ಟ್ರೀಯ ವಾರಗಳಲ್ಲಿ ಕ್ಲಬ್ ಆಟಗಾರನನ್ನು ಬಿಡಲೇಬೇಕು, ಅದೂ ವರ್ಲ್ಡ್ ರಗ್ಬಿ ನಿಯಮ. ಅಡ್ಡ ಬರುವುದು ಅವನ ದೇಶದ ಮಂಡಳಿಯ ಆಯ್ಕೆ ನೀತಿ ಅಷ್ಟೇ.

ಸ್ಟೆಫನ್ ಆರ್ಮಿಟೇಜ್ ನೋಡಿ. ಟುಲೋನ್ ಪರ ಆಡಿ 2014ರಲ್ಲಿ ಯುರೋಪಿನ ವರ್ಷದ ಆಟಗಾರ ಆದರು. ಇಂಗ್ಲೆಂಡ್ ಪರ ಆಡಲು ನೂರಕ್ಕೆ ನೂರು ಅರ್ಹರು. ‘ಅಸಾಧಾರಣ ಸಂದರ್ಭ’ ಬಿಟ್ಟರೆ ಹೊರದೇಶದ ಕ್ಲಬ್‌ನಲ್ಲಿ ಆಡುವವರನ್ನು ತೆಗೆದುಕೊಳ್ಳಲ್ಲ ಅನ್ನುವುದು ಅಲ್ಲಿನ ನೀತಿ. 2015ರ ವಿಶ್ವಕಪ್‌ಗೆ ಅವರನ್ನು ಕರೆಯಲೇ ಇಲ್ಲ. ತವರಲ್ಲೇ ನಡೆದ ಆ ಕೂಟದಲ್ಲಿ ಇಂಗ್ಲೆಂಡ್ ಗುಂಪು ಹಂತದಲ್ಲೇ ಹೊರಬಿತ್ತು. ಅದು ಎಂಥ ಸಂದರ್ಭ ಅಂತ ನೀವೇ ಹೇಳಿ.

ನ್ಯೂಜಿಲೆಂಡ್‌ನಲ್ಲಿ ಗಿಟೋ ಲಾ ಇಲ್ಲ. ಅಲ್ಲಿ ಇರುವುದು ಸಬ್ಯಾಟಿಕಲ್. ಮಂಡಳಿಯ ಒಪ್ಪಂದ ಉಳಿಸಿಕೊಂಡೇ ಸ್ವಲ್ಪ ಕಾಲ ಹೊರಗೆ ಆಡಿ ಬರುವುದು. ಡ್ಯಾನ್ ಕಾರ್ಟರ್ 2008ರ ಕೊನೆಯಲ್ಲಿ ಫ್ರಾನ್ಸ್‌ನ ಪರ್ಪಿನ್ಯಾ ಕ್ಲಬ್‌ಗೆ ಹೋಗಿದ್ದು ಹೀಗೆ. ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದು ಬೇಗ ವಾಪಸಾದರು. ದಕ್ಷಿಣ ಆಫ್ರಿಕಾ ಮಾತ್ರ ಹೊರದೇಶದಲ್ಲಿ ಆಡುವವರಿಗೆ ಹಾಕಿದ್ದ 30 ಟೆಸ್ಟ್‌ಗಳ ಷರತ್ತನ್ನು ಕೈಬಿಟ್ಟು 2019ರ ವಿಶ್ವಕಪ್‌ಗೆ ಹೋಯಿತು. ಫೈನಲ್‌ನಲ್ಲಿ ಟ್ರೈ ಹೊಡೆದ ಚೆಸ್ಲಿನ್ ಕೊಲ್ಬೆ ಆಗ ಫ್ರಾನ್ಸ್‌ನ ಟುಲೂಸ್ ಕ್ಲಬ್ ಆಟಗಾರ.