ಬೇಳೆ ಬೇಯುವ ನೀರನ್ನು ನಂಬಬಹುದೇ?

ತೊಗರಿಬೇಳೆ ಬೇಗ ಬೆಂದರೆ ನೀರು ಒಳ್ಳೆಯದು. ಸೋಪು ಚೆನ್ನಾಗಿ ನೊರೆ ಬಂದರೆ ಇನ್ನೂ ಒಳ್ಳೆಯದು. ನಾಲಿಗೆಗೆ ಸವಳು ತಾಗದಿದ್ದರಂತೂ ಮುಗಿದೇ ಹೋಯಿತು. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆ ಬೋರ್‌ವೆಲ್ ನೀರಿಗೆ ಅಡುಗೆಮನೆ ಕೊಡುವ ಸರ್ಟಿಫಿಕೇಟ್ ಇಷ್ಟೇ. ಪರೀಕ್ಷೆ ಸುಳ್ಳಲ್ಲ. ನೀರು ಮೆದುವೋ ಗಡಸೋ ಎಂಬುದನ್ನು ಬೇಳೆ ಸರಿಯಾಗಿಯೇ ಹೇಳುತ್ತದೆ. ಆದರೆ ನಮ್ಮ ಕಲ್ಲುನೆಲದಲ್ಲಿ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಜಾಸ್ತಿ ಹೊತ್ತು ತರುವುದು ಬಹಳ ಸಲ ಈ ಮೆದು ನೀರೇ.

ಈ ಮಾತು ಹಿಂದೆ ಬಿದ್ದು, ಜಗಳವೆಲ್ಲ ನೀರು ಸೋಸುವ ಆರ್‌ಒ ಬೇಕೋ ಬೇಡವೋ ಎಂಬುದರ ಮೇಲೆ ನಡೆದಿದೆ. ಒಬ್ಬರು ‘ಆರ್‌ಒ ನೀರು ಸತ್ತ ನೀರು, ಮೂಳೆ ಸವೆಯುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ಪೆನ್ನಿನಂಥ ಮೀಟರನ್ನು ಲೋಟಕ್ಕೆ ಅದ್ದಿ ‘ನೋಡಿ, ಟಿಡಿಎಸ್ (ಕರಗಿದ ಲವಣ) 40, ಅಮೃತ’ ಎನ್ನುತ್ತಾರೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ಬೇಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ ಮೇಲೆ ಎರಡೂ ಕಡೆಯವರ ಕೈಗೆ ಅದೇ ಪೆನ್ನು ಬಂತು. ಆ ಪೆನ್ನಿಗೆ ಫ್ಲೋರೈಡ್ ಕಾಣಿಸುವುದೇ ಇಲ್ಲ.

ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಬಂದ ಅಂಕಿಯನ್ನು 0.5ರಿಂದ 0.7ರ ನಡುವಿನ ಯಾವುದೋ ಗುಣಕದಿಂದ ಗುಣಿಸಿ ‘ಕರಗಿದ ಲವಣ ಇಷ್ಟು’ ಎಂದು ತೋರಿಸುತ್ತದೆ. ಗಂಗಾವತಿಯ ರೈಸ್‌ಮಿಲ್ ಮುಂದಿನ ವೇಬ್ರಿಜ್ ನೆನಪಿಸಿಕೊಳ್ಳಿ. ಲಾರಿ ಎಷ್ಟು ಟನ್ ಎಂದು ಅದು ಹೇಳುತ್ತದೆ. ಒಳಗಿರುವುದು ಸೋನಾಮಸೂರಿಯೋ ಕಲ್ಲೋ ಎಂದು ಹೇಳುವುದಿಲ್ಲ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಲಾರಿಯ ಚೀಲಗಳ ನಡುವೆ ಯಾರೋ ಒಂದು ಡಬ್ಬಿ ಕೀಟನಾಶಕ ಇಟ್ಟಿದ್ದಾರೆ ಅಂದುಕೊಳ್ಳಿ. ವೇಬ್ರಿಜ್‌ನ ಮುಳ್ಳು ಅಲ್ಲಾಡುತ್ತದೆಯೇ? ಲೆಕ್ಕ ಹೀಗಿದೆ: ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸೇರಿದರೆ ಮೀಟರಿನಲ್ಲಿ ಹೆಚ್ಚಾಗುವುದು ಒಂದೂವರೆ ಅಂಕಿ. ಫ್ಲೋರೈಡ್ 1ರಿಂದ 4ಕ್ಕೆ ಏರಿದರೂ ಪೆನ್ನು ನಾಲ್ಕೈದು ಅಂಕಿ ಸರಿದೀತು. ಟಿಡಿಎಸ್ 800 ಇರುವ ನೀರಿನಲ್ಲಿ ಮೀಟರಿನ ಸ್ವಂತ ದೋಷ ಶೇ. 2 ಎಂದರೂ 16 ಅಂಕಿ ಆಯಿತು.

ಮೀಟರಿನ ಜೊತೆಗೆ ಇನ್ನೊಂದು ಆಟವೂ ಬರುತ್ತದೆ. ಮಾರಾಟದವರು ಎರಡು ಲೋಟಕ್ಕೆ ಎರಡೆರಡು ಲೋಹದ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಡುತ್ತಾರೆ. ನಿಮ್ಮ ಬೋರ್ ನೀರು ಕಂದು ರಾಡಿಯಾಗುತ್ತದೆ, ಅವರ ಆರ್‌ಒ ನೀರು ತಿಳಿಯಾಗಿಯೇ ಉಳಿಯುತ್ತದೆ. ಮನೆಯವರು ಬೆಚ್ಚಿಬೀಳುತ್ತಾರೆ. ಆ ರಾಡಿ ನೀರಿನದಲ್ಲ, ಕಬ್ಬಿಣದ ಕಡ್ಡಿ ಕರಗಿ ಬಂದ ತುಕ್ಕು. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ. ಅವರ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೊಮ್ಮೆ ಮಾಡಿ ಎನ್ನಿ. ಅದೂ ರಾಡಿಯಾಗುತ್ತದೆ.

ಈಗ ಬೇಳೆಯ ವಿಷಯ. ಕೊಪ್ಪಳ, ರಾಯಚೂರು ಸೀಮೆಯ ಬುನಾದಿ ಗ್ರಾನೈಟ್ ಮತ್ತು ನೈಸ್ ಶಿಲೆ. ಹಿರೇಬೆಣಕಲ್ಲಿನ ಮೊರೇರ ಗುಡ್ಡದ ಬೃಹತ್ ಶಿಲಾಯುಗದ ಕಲ್ಮನೆಗಳು ಎದ್ದದ್ದೂ, ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನ ಕೆತ್ತಿದ್ದೂ ಇಂಥ ಬಂಡೆಯಲ್ಲೇ. ಎರಡು ಸಾವಿರ ವರ್ಷ ಮಳೆಗೆ ಅಕ್ಷರ ಅಳಿಯದ ಕಲ್ಲು ನೀರಿಗೆ ಏನನ್ನು ಬಿಟ್ಟುಕೊಟ್ಟೀತು ಎನಿಸುತ್ತದೆ. ಆದರೆ ಇನ್ನೂರು ಮೀಟರ್ ಆಳದ ಬಿರುಕಿನಲ್ಲಿ ನೀರು ವರ್ಷಗಟ್ಟಲೆ ನಿಂತಿರುತ್ತದೆ. ಕಲ್ಲಿನಲ್ಲಿರುವ ಫ್ಲೋರೈಟ್, ಅಪಟೈಟ್, ಕರಿ ಅಭ್ರಕ ಮೂರರಲ್ಲೂ ಫ್ಲೋರಿನ್ ಇದೆ. ನೀರು ಕ್ಷಾರೀಯವಾದಂತೆ ಅದರಲ್ಲಿರುವ ಹೈಡ್ರಾಕ್ಸೈಡ್ ಅಭ್ರಕದೊಳಗೆ ಹೊಕ್ಕು ಫ್ಲೋರೈಡನ್ನು ಹೊರಕ್ಕೆ ತಳ್ಳುತ್ತದೆ. ಎರಡೂ ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ, ಹಾಗಾಗಿ ಒಬ್ಬರ ಕುರ್ಚಿ ಇನ್ನೊಬ್ಬರಿಗೆ ಸರಿಹೊಂದುತ್ತದೆ.

ಹೊರಬಂದ ಫ್ಲೋರೈಡನ್ನು ಹಿಡಿದು ಕೂರಿಸುವುದು ಕ್ಯಾಲ್ಸಿಯಂ. ನೊಗವನ್ನು ನೆನೆಯಿರಿ. ಒಂದು ನೊಗಕ್ಕೆ ಎರಡು ಎತ್ತು; ಒಂದು ಕ್ಯಾಲ್ಸಿಯಂಗೆ ಎರಡು ಫ್ಲೋರೈಡ್. ಜೋಡಿಯಾದದ್ದು ಹರಳಾಗಿ ತಳಕ್ಕಿಳಿಯುತ್ತದೆ. ನೊಗ ಕಡಿಮೆಯಾದರೆ ಎತ್ತುಗಳು ಬಿಡಾಡಿಯಾಗಿ ನೀರಿನಲ್ಲೇ ತಿರುಗುತ್ತವೆ. ತೆನೆ ಕಟ್ಟಿದ ಜೋಳದ ಹೊಲವೂ ಹಾಗೆಯೇ: ಅಟ್ಟಣಿಗೆಯ ಮೇಲೆ ಕವಣೆ ಹಿಡಿದವರು ಐವರಿದ್ದಾಗ ಬಾರದ ಹಕ್ಕಿ, ಒಬ್ಬರೇ ಉಳಿದಾಗ ಹಿಂಡಾಗಿ ಇಳಿಯುತ್ತದೆ. ಎರಡೂ ಹೋಲಿಕೆಗಳಿಗೆ ಒಂದೇ ಕೊರತೆ ಇದೆ. ನೀರಿನೊಳಗೆ ಕಟ್ಟುವುದು ಬಿಚ್ಚುವುದು ಎರಡೂ ಎಡೆಬಿಡದೆ ನಡೆಯುತ್ತಿರುತ್ತದೆ, ಎರಡೂ ಸರಿಸಮವಾದಾಗ ಒಂದು ಮಿತಿ ನಿಲ್ಲುತ್ತದೆ. ಕ್ಯಾಲ್ಸಿಯಂ ಪ್ರಮಾಣವನ್ನು ಫ್ಲೋರೈಡಿನ ವರ್ಗದಿಂದ ಗುಣಿಸಿದರೆ ಬರುವ ಮೊತ್ತ ಆ ಮಿತಿಯನ್ನು ದಾಟುವಂತಿಲ್ಲ. ಅಂಕಿಯಲ್ಲಿ ನೋಡಿದರೆ, ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಗಡಸು ನೀರಿನಲ್ಲಿ ಫ್ಲೋರೈಡ್ ಸುಮಾರು 2.2 ಮಿಲಿಗ್ರಾಂಗೆ ನಿಲ್ಲುತ್ತದೆ. ಕ್ಯಾಲ್ಸಿಯಂ 20ಕ್ಕೆ ಇಳಿದರೆ ಫ್ಲೋರೈಡ್ 5ರವರೆಗೆ ಏರಬಹುದು. 10ಕ್ಕೆ ಇಳಿದರೆ 7.

ಆ ಕ್ಯಾಲ್ಸಿಯಂ ಎಲ್ಲಿ ಹೋಯಿತು? ಎರೆ ಭೂಮಿ ಅಗೆದಾಗ ಸಿಗುವ ಬಿಳಿ ಸುಣ್ಣದ ಹರಳುಗಳನ್ನು ನೋಡಿ. ನೀರಿನ ಕ್ಯಾಲ್ಸಿಯಂ ಅಲ್ಲಿ ಕಲ್ಲಾಗಿ ಕೂತಿದೆ. ಉಳಿದದ್ದನ್ನು ಎರೆಮಣ್ಣಿನ ಜೇಡಿ ಎಳೆದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಹೀಗೆ ಕ್ಯಾಲ್ಸಿಯಂ ಕಳೆದುಕೊಂಡ ಮೆದು ನೀರಿನಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತದೆ. ಹಾಗೆಂದು ಗಡಸು ನೀರು ನಿಶ್ಚಿಂತೆ ಎಂದಲ್ಲ, 2.2 ಕೂಡ ಮಿತಿ ಮೀರಿದ್ದೇ. ಅಡುಗೆಮನೆಯ ಯಾವ ಪರೀಕ್ಷೆಗೂ ಫ್ಲೋರೈಡ್ ಸಿಕ್ಕುವುದಿಲ್ಲ ಎಂಬುದಷ್ಟೇ ಇದರ ಅರ್ಥ.

ಹೀಗೆ ಕೈಗೆ ಸಿಕ್ಕದ್ದರಿಂದ ಹಲ್ಲು ಮೂಳೆ ಕೆಡುವುದರ ಕಾರಣವನ್ನು ಲೋಕ ಬಹಳ ಕಾಲ ಬೇರೆಲ್ಲೋ ಹುಡುಕಿತು. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿನವರ ಕಂದು ಹಲ್ಲಿಗೆ ಕಾರಣ ಹುಡುಕುತ್ತ ಮೂವತ್ತು ವರ್ಷ ಕಳೆದರು. ನೀರಿನ ಫ್ಲೋರೈಡೇ ಕಾರಣ ಎಂಬ ನಿಜ ಹೊರಬಿದ್ದದ್ದು 1931ರಲ್ಲಿ, ಅಲ್ಯುಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಚರ್ಚಿಲ್ ಅವರಿಂದ. ಅಲ್ಯುಮಿನಿಯಂ ಪಾತ್ರೆ ವಿಷ ಎಂಬ ಗುಲ್ಲೆದ್ದಿತ್ತು, ತಮ್ಮ ಪಾತ್ರೆಯ ಮೇಲೆ ಅಪವಾದ ಬಂದೀತೆಂಬ ಹೆದರಿಕೆಗೆ ಅವರು ನೀರನ್ನು ಪರೀಕ್ಷಿಸಿದ್ದು. ನಮ್ಮಲ್ಲಿ 1937ರಲ್ಲೇ ನೆಲ್ಲೂರು ಜಿಲ್ಲೆಯಿಂದ ಬೆನ್ನುಮೂಳೆ ಬಿಗಿದುಕೊಂಡವರ ವರದಿ ಬಂತು. ಮೊಣಕಾಲು ಒಳಕ್ಕೆ ಬಾಗುವ ಕಾಯಿಲೆಯ ಬಗ್ಗೆ 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬರೆದರು. ಇಷ್ಟಾದರೂ ಮಗುವಿನ ಕಾಲು ಬಾಗಿದರೆ ಇಂದಿಗೂ ಹರಕೆಗೆ ಹೊರಡುವ, ಗ್ರಹಚಾರ ಕೇಳಿಸುವ ಮನೆಗಳಿವೆ. ದೇವರಿಗೆ ಕಾಯಿ ಒಡೆಯಲಿ, ಬೇಡ ಎನ್ನುವವರಾರು. ಆದರೆ ಹರಕೆಗೆ ಹೊರಡುವ ಮುಂಚೆ ಆ ಮನೆಯ ಬೋರ್ ನೀರು ಒಂದು ಬಾಟಲಿ ಲ್ಯಾಬಿಗೆ ಹೋಗಬೇಕಿತ್ತು.

ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕದ್ದು, ಬೇರೆ ನೀರೇ ಇಲ್ಲದಿದ್ದರೆ 1.5. ಇಂಥ ಮಿತಿಗಳ ಹಿಂದಿರುವುದು ದಿನಕ್ಕೆ ಎರಡು ಲೀಟರ್ ಕುಡಿಯುವವರ ಲೆಕ್ಕ. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಕೂಲಿ ಮಾಡುವವರು ಆರು ಲೀಟರ್ ಕುಡಿಯುತ್ತಾರೆ. 1.5ರ ‘ಕಾನೂನುಬದ್ಧ’ ನೀರೇ ಆದರೂ 9 ಮಿಲಿಗ್ರಾಂ ಒಳಗೆ ಹೋಯಿತು. ಅದೂ ಅವರು ಕುಡಿಯುವುದು ಮನೆಯ ಕ್ಯಾನಿನದ್ದಲ್ಲ, ಹೊಲದ ಬೋರಿನದು. ಇನ್ನು ಮನೆಯಲ್ಲಿ ಕುಡಿಯಲಷ್ಟೇ ಆರ್‌ಒ, ಅಡುಗೆಗೆ ನಲ್ಲಿ ನೀರು ಎಂಬ ಉಳಿತಾಯ ಬೇರೆ. 300 ಗ್ರಾಂ ಅಕ್ಕಿ ಬೇಯುವಾಗ ಸುಮಾರು 600 ಮಿಲಿಲೀಟರ್ ನೀರು ಹೀರುತ್ತದೆ. ನೀರಿನಲ್ಲಿ 3 ಮಿಲಿಗ್ರಾಂ ಇದ್ದರೆ ಅನ್ನದ ಮೂಲಕವೇ 1.8 ಬಂತು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ತಾಮ್ರದ ಬಿಂದಿಗೆಯಿಂದಲೂ ಏನೂ ಆಗದು.

ಆರ್‌ಒ ಇದಕ್ಕೆ ನಿಜವಾಗಿ ಕೆಲಸ ಮಾಡುತ್ತದೆ. ಮಾವಿನ ಹೋಳಿಗೆ ಉಪ್ಪು ಹಾಕಿದರೆ ಹೋಳಿನ ನೀರು ಉಪ್ಪಿನ ಕಡೆ ಹರಿದು ಬರುತ್ತದೆಯಲ್ಲ, ಲವಣ ತಡೆದು ನೀರನ್ನಷ್ಟೇ ಬಿಡುವ ಪೊರೆಯ ಮೂಲಕ ಒತ್ತಡ ಹಾಕಿ ಅದನ್ನು ಹಿಂದಕ್ಕೆ ಓಡಿಸುವುದೇ ಆರ್‌ಒ. ಬಳಸಬಲ್ಲಂಥ ಪೊರೆಯನ್ನು 1960ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಇಬ್ಬರಲ್ಲಿ ಒಬ್ಬರು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್, ಇನ್ನೊಬ್ಬರು ಸಿಡ್ನಿ ಲೋಬ್. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಬೋರ್ ನೀರು ಮೊದಲು ಮರಳಿನ ಫಿಲ್ಟರ್, ಆಮೇಲೆ ಇದ್ದಿಲ ಫಿಲ್ಟರ್ ದಾಟುತ್ತದೆ. ಅಲ್ಲಿ, ಪೊರೆಯ ಮೇಲೆ ಸುಣ್ಣ ಕಟ್ಟದಂತೆ ಆಂಟಿಸ್ಕೇಲೆಂಟ್ ಹನಿ ಬೀಳುತ್ತದೆ, 5 ಮೈಕ್ರಾನ್ ಕಾರ್ಟ್ರಿಜ್ ಕೊನೆಯ ಕಸ ಹಿಡಿಯುತ್ತದೆ. ನಂತರ ಪಂಪು ಬೈಕ್ ಟೈರಿನ ಗಾಳಿಯ ನಾಲ್ಕೈದು ಪಟ್ಟು ಒತ್ತಡದಲ್ಲಿ ನೀರನ್ನು ಪೊರೆಗೆ ದೂಡುತ್ತದೆ. ಪೊರೆ ಸರಿಯಿದ್ದರೆ ಫ್ಲೋರೈಡಿನ ಶೇ. 90ಕ್ಕೂ ಹೆಚ್ಚು ಪಾಲು ಆಚೆಯೇ ಉಳಿಯುತ್ತದೆ.

ಕೆಡುವುದು ಸಣ್ಣಪುಟ್ಟದ್ದರಲ್ಲಿ. ಆಂಟಿಸ್ಕೇಲೆಂಟ್ ಡಬ್ಬಿ ಖಾಲಿಯಾದರೂ ಯಂತ್ರ ಓಡುತ್ತಲೇ ಇರುತ್ತದೆ, ಕೆಲವು ವಾರದಲ್ಲಿ ಪೊರೆಯ ಮೇಲೆ ಸುಣ್ಣ ಕಟ್ಟುತ್ತದೆ. ಇದ್ದಿಲು ಹಳೆಯದಾದರೆ ಕ್ಲೋರಿನ್ ನುಗ್ಗಿ ಪೊರೆ ತಿನ್ನುತ್ತದೆ. ಸಾಲಿನಲ್ಲಿ ನಿಂತವರು ಗಲಾಟೆ ಮಾಡಿದರೆಂದು ರಿಜೆಕ್ಟ್ (ಪೊರೆ ದಾಟದೆ ಉಳಿದ ನೀರಿನ) ವಾಲ್ವ್ ಬಿಗಿ ಮಾಡಿದರೆ ಆ ದಿನ ಒಳ್ಳೆಯ ನೀರು ಜಾಸ್ತಿ ಬಂದೀತು, ಪೊರೆಯ ಆಯುಷ್ಯ ಮುಗಿಯಿತು. ಎಲ್ಲಕ್ಕಿಂತ ಕೆಟ್ಟದ್ದು ಬೈಪಾಸ್: ಪೊರೆ ಕಟ್ಟಿಕೊಂಡ ಮೇಲೆ ಬೋರ್ ನೀರನ್ನೇ ನೇರ ಟ್ಯಾಂಕಿಗೆ ಬಿಡುವುದು.

ಮನೆಯ ಯಂತ್ರದಲ್ಲಿ ಇದೇ ಬೈಪಾಸ್ ‘ಟಿಡಿಎಸ್ ಕಂಟ್ರೋಲರ್’ ಎಂಬ ಮರ್ಯಾದಸ್ಥ ಹೆಸರಿನಲ್ಲಿ ಇದೆ. ‘ಖನಿಜ ಉಳಿಸಲು’ ಎಂದು ತಿರುಪು ತಿರುಗಿಸಿ ಬೋರ್ ನೀರನ್ನು ಸ್ವಲ್ಪ ಬೆರೆಸುತ್ತಾರೆ. ಬೆರೆಸುವುದು ತಪ್ಪಲ್ಲ, ಲೆಕ್ಕ ಬೇಕು. ಬೋರ್ ನೀರು ಟಿಡಿಎಸ್ 900, ಫ್ಲೋರೈಡ್ 4. ಪೊರೆಯ ನೀರು ಟಿಡಿಎಸ್ 50, ಫ್ಲೋರೈಡ್ 0.2 ಎಂದಿಟ್ಟುಕೊಳ್ಳಿ. ತಿರುಪನ್ನು 150ಕ್ಕೆ ನಿಲ್ಲಿಸಿದರೆ ಬೋರ್ ನೀರಿನ ಪಾಲು ಶೇ. 12, ಫ್ಲೋರೈಡ್ 0.65, ಅಡ್ಡಿಯಿಲ್ಲ. 300ಕ್ಕೆ ನಿಲ್ಲಿಸಿದರೆ ಪಾಲು ಶೇ. 29, ಫ್ಲೋರೈಡ್ 1.3. ಎರಡೂ ಲೋಟದ ರುಚಿಯಲ್ಲಿ ದೋಷ ಹುಡುಕಲಾಗದು. ಖನಿಜದ ಚಿಂತೆ ಇದ್ದವರು ಒಂದು ಲೋಟ ಹಾಲು ಕುಡಿಯಲಿ, ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಅದರಲ್ಲೇ ಸಿಗುತ್ತದೆ. ಊಟದ ಕ್ಯಾಲ್ಸಿಯಂ ಹೊಟ್ಟೆಯಲ್ಲೂ ಫ್ಲೋರೈಡಿಗೆ ನೊಗ ಹೂಡುತ್ತದೆ.

ಪೊರೆಯಿಲ್ಲದ ದಾರಿಗಳೂ ಇವೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಬಕೆಟ್ಟಿಗೆ ಆಲಂ (ಪಟಿಕ), ಅದರ ಇಪ್ಪತ್ತರಲ್ಲೊಂದು ಪಾಲು ಸುಣ್ಣ, ಚೂರು ಬ್ಲೀಚಿಂಗ್ ಪುಡಿ ಹಾಕಿ ಒಂದು ನಿಮಿಷ ಜೋರಾಗಿ, ಹತ್ತು ನಿಮಿಷ ನಿಧಾನವಾಗಿ ಕಲಕಿ ಒಂದು ತಾಸು ಬಿಡಬೇಕು. ಆಲಂ ಲೀಟರಿಗೆ ನೂರಾರು ಮಿಲಿಗ್ರಾಂ ಬೇಕಾಗುವುದರಿಂದ, ಪಟಿಕದ ಕಲ್ಲನ್ನು ಎರಡು ಸುತ್ತು ಅದ್ದಿ ತೆಗೆದರೆ ರಾಡಿ ಇಳಿದೀತೇ ಹೊರತು ಫ್ಲೋರೈಡ್ ಅಲ್ಲ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂದರೂ ಸರಿ. 30 ಚದರ ಮೀಟರಿನ ಆರ್‌ಸಿಸಿ ಮಾಳಿಗೆ, 600 ಮಿಲಿಮೀಟರ್ ಮಳೆ, ಶೇ. 80 ಸಂಗ್ರಹ ಎಂದರೆ 14,400 ಲೀಟರ್. ದಿನಕ್ಕೆ 40 ಲೀಟರಿನಂತೆ 360 ದಿನ. ಸ್ಪಾಂಜ್ ಐರನ್ ಕಾರ್ಖಾನೆಗಳ ಕರಿ ಧೂಳು ಬೀಳುವ ಊರುಗಳಲ್ಲಿ ಮಾತ್ರ ಮೊದಲ ಮಳೆಗಳನ್ನು ಪೂರ್ತಿ ಹೊರಗೆ ಬಿಡಬೇಕು, ಮಾಳಿಗೆ ತೊಳೆಯಬೇಕು.

ಆರ್‌ಒ ಬಗ್ಗೆ ನಿಜವಾಗಿ ಕೇಳಬೇಕಾದ ತಕರಾರು ಹಿಂದಿನ ಪೈಪಿನದು. 100 ಲೀಟರ್ ಒಳಗೆ ಹೋಗಿ 50 ಲೀಟರ್ ಒಳ್ಳೆಯದಾಗಿ ಬಂದರೆ, ಉಳಿದ 50ರಲ್ಲಿ ಹೆಚ್ಚುಕಡಿಮೆ ಎಲ್ಲ ಫ್ಲೋರೈಡೂ ಇರುತ್ತದೆ. ಅದು ಘಟಕದ ಹಿಂದಿನ ಗುಂಡಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಊರಿನ ದನಗಳಿಗೆ ಸಿಗುವ ನೀರು ಕೆಲವೆಡೆ ಅದೊಂದೇ ಆಗಿರಬಹುದು, ದನದ ಹಲ್ಲು ಮೂಳೆಗೂ ಫ್ಲೋರೈಡ್ ಹತ್ತುತ್ತದೆ. ಶೌಚಾಲಯಕ್ಕೆ, ನೆಲ ತೊಳೆಯಲು ಬಿಡುವ ಪೈಪು ಒಂದು ಹಾಕಿದರೆ ಸಾಕು. ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಮಾತ್ರ ಬಿಡಬಾರದು.

ಘಟಕ ಸರಿಯಿದೆಯೇ ಎಂದು ತಿಳಿಯಲು ಮೂರು ಬಾಟಲಿ ಬೇಕು, ಪ್ಲಾಸ್ಟಿಕ್ಕಿನವು, ಏಕೆಂದರೆ ಫ್ಲೋರೈಡ್ ಗಾಜಿಗೆ ಹತ್ತುತ್ತದೆ. ಬೋರನ್ನು ಐದು ನಿಮಿಷ ಓಡಿಸಿ ಒಂದು, ಕ್ಯಾನ್ ತುಂಬುವ ನಲ್ಲಿಯಿಂದ ಒಂದು, ರಿಜೆಕ್ಟ್ ಪೈಪಿನಿಂದ ಒಂದು ಹಿಡಿದು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು, ‘ಟಿಡಿಎಸ್ ಬೇಡ, ಫ್ಲೋರೈಡ್ ನೋಡಿ’ ಎನ್ನಬೇಕು. ಎರಡು ಪೈಪಿಗೂ ಬಕೆಟ್ ಹಿಡಿದು ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಗಡಿಯಾರ ನೋಡಿಕೊಳ್ಳಿ. ಎರಡೂ ಸಮವಾಗಿ ತುಂಬಿ, ಬೋರ್ ನೀರು 3, ಕ್ಯಾನಿನ ನೀರು 0.2 ಎಂದು ಬಂದರೆ ರಿಜೆಕ್ಟ್ 5.8ರ ಹತ್ತಿರ ಬರಲೇಬೇಕು. ಮೂರೂ ಬಾಟಲಿಯಲ್ಲಿ 3 ಬಂದರೆ ಪೊರೆ ಸತ್ತು ಬಹಳ ದಿನವಾಗಿದೆ. ರಿಜೆಕ್ಟ್ 5ರ ಮೇಲಿದ್ದೂ ಕ್ಯಾನಿನ ನೀರು 1.5 ದಾಟಿದ್ದರೆ ಪೊರೆ ಕೆಲಸ ಮಾಡುತ್ತಿದೆ, ಯಾರೋ ಬೈಪಾಸ್ ತಿರುವಿದ್ದಾರೆ.