ಹಳೆಯ ಸಮುರಾಯ್ ಶಾಲೆಗಳಲ್ಲಿ ಬ್ಲ್ಯಾಕ್ ಬೆಲ್ಟ್ ಸಿಗೋಕೆ ಎಷ್ಟು ವರ್ಷ ಬೇಕಿತ್ತು?

ಪ್ರಶ್ನೆ: ಮಗಳು ಕರಾಟೆ ಕ್ಲಾಸಿಗೆ ಹೋಗುತ್ತಾಳೆ, ಬ್ಲ್ಯಾಕ್ ಬೆಲ್ಟ್ ಹತ್ತಿರ ಬಂದಿದ್ದಾಳೆ. ಜಪಾನಿನ ಹಳೆಯ ಸಮುರಾಯ್ ಶಾಲೆಗಳಲ್ಲಿ ಇದಕ್ಕೆ ಎಷ್ಟು ವರ್ಷ ಹಿಡಿಯುತ್ತಿತ್ತು?

ಉತ್ತರ: ಎಷ್ಟು ವರ್ಷ ಕಲಿತರೂ ಸಿಗುತ್ತಿರಲಿಲ್ಲ. ಅಲ್ಲಿ ಬ್ಲ್ಯಾಕ್ ಬೆಲ್ಟ್ ಅನ್ನೋದೇ ಇರಲಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ಪ್ರಶ್ನೆಯ ಬೆನ್ನಿಗೇ ಒಂದು ಕಥೆಯೂ ಬರುತ್ತದೆ. ಹಿಂದೆ ಎಲ್ಲರಿಗೂ ಬಿಳಿ ಬೆಲ್ಟೇ ಇತ್ತಂತೆ. ಅದನ್ನು ಒಗೆಯಬಾರದಂತೆ. ವರ್ಷಗಟ್ಟಲೆ ಬೆವರು, ಮಣ್ಣು, ರಕ್ತ ಹತ್ತಿ ತಾನಾಗೇ ಕಪ್ಪಾಗುತ್ತಿತ್ತಂತೆ. ದಯವಿಟ್ಟು ಇದನ್ನು ಮಕ್ಕಳಿಗೆ ಹೇಳಬೇಡಿ. ಬೆವರು ಕುಡಿದ ಬಿಳಿ ಬಟ್ಟೆ ಹಳದಿಯಾಗುತ್ತದೆ, ಜಾಸ್ತಿ ಅಂದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಾಡಿಗೆಯಂಥ ಕಪ್ಪು ಅದಕ್ಕೆ ಬರುವುದಿಲ್ಲ. ಸೊಂಟದ ಪಟ್ಟಿ ಅಷ್ಟು ಕೊಳೆಯಾದರೆ ಮೈಮೇಲಿನ ಅಂಗಿಯೂ ಆಗಬೇಕಲ್ವಾ? ಬ್ಲ್ಯಾಕ್ ಬೆಲ್ಟ್ ಮೊದಲ ದಿನದಿಂದಲೂ ಬಣ್ಣ ಹಾಕಿದ ಬಟ್ಟೆಯೇ.

ಅದನ್ನು ತಂದವರು ಯಾರೆಂದೂ ಗೊತ್ತಿದೆ: ಜೂಡೋ ಕಟ್ಟಿದ ಕಾನೊ ಜಿಗೊರೊ. ಇವರು ತೆನ್ಜಿನ್ ಶಿನ್ಯೊ-ರ್ಯು, ಕಿತೊ-ರ್ಯು ಎಂಬ ಹಳೆಯ ಜುಜುತ್ಸು ಶಾಲೆಗಳಲ್ಲಿ ಕಲಿತವರು. 1882ರಲ್ಲಿ ಟೋಕಿಯೋದಲ್ಲಿ ಕೋದೋಕಾನ್ ಎಂಬ ಜೂಡೋ ಶಾಲೆ ಶುರು ಮಾಡಿದರು. ಮರುವರ್ಷ ಇಬ್ಬರು ಶಿಷ್ಯರಿಗೆ ‘ದಾನ್’ ದರ್ಜೆ ಕೊಟ್ಟರು. ಈ ದರ್ಜೆಯ ಲೆಕ್ಕ ಗೋ ಎಂಬ ಮಣೆಯಾಟದಲ್ಲಿ ಮೊದಲೇ ಇತ್ತು. ಕಪ್ಪು ಪಟ್ಟಿ ಬಂದದ್ದು ಅದರ ನಂತರ. ಆದರೆ ಸೈನಿಕರು, ಪೊಲೀಸರಂಥವರನ್ನು ಬಿಟ್ಟು ಉಳಿದವರು, ಸಮುರಾಯ್‌ಗಳೂ ಸೇರಿ, ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ಸರ್ಕಾರ 1876ರಲ್ಲೇ ನಿಷೇಧಿಸಿತ್ತು. ಬ್ಲ್ಯಾಕ್ ಬೆಲ್ಟ್ ಹುಟ್ಟುವ ಹೊತ್ತಿಗೆ ಸಮುರಾಯ್‌ಗಳ ಕಾಲವೇ ಮುಗಿದಿತ್ತು. ಫುನಾಕೋಶಿ ಗಿಚಿನ್ ಒಕಿನಾವಾದಿಂದ ಬಂದು ಟೋಕಿಯೋದಲ್ಲಿ ಕರಾಟೆ ತೋರಿಸಿದ್ದು 1922ರಲ್ಲಿ. ಬೆಲ್ಟನ್ನು ಕರಾಟೆಯವರು ಜೂಡೋದಿಂದಲೇ ತೆಗೆದುಕೊಂಡರು.

ಹಳೆಯ ಶಾಲೆಗಳಲ್ಲಿ ಕೊಡುತ್ತಿದ್ದದ್ದು ಕಾಗದದ ಸುರುಳಿ. ಚಿಬಾ ಪ್ರಾಂತ್ಯದ ಕತೋರಿ ಶಿಂತೊ-ರ್ಯು ಎಂಬ ಶಾಲೆ 15ನೇ ಶತಮಾನದಲ್ಲಿ ಶುರುವಾದದ್ದು, ಇಂದಿಗೂ ನಡೆಯುತ್ತಿದೆ. ಅಲ್ಲಿ ಸೇರುವವರು ಬೆರಳು ಚುಚ್ಚಿಕೊಂಡು, ಪ್ರಮಾಣಪತ್ರಕ್ಕೆ ರಕ್ತದ ಗುರುತು ಒತ್ತಬೇಕು. ಕಲಿತದ್ದನ್ನು ಹೊರಗಿನವರಿಗೆ ಹೇಳುವುದಿಲ್ಲ ಎಂಬ ಮಾತು ಅದು. ಕತ್ತಿ, ಕೋಲು, ಈಟಿ, ಉದ್ದ ಹಿಡಿಗೆ ಬಾಗಿದ ಅಲಗು ಕೂರಿಸಿದ ನಗಿನಾತ ಎಲ್ಲವೂ ಪಾಠದಲ್ಲಿವೆ. ಇಂಥ ಹಲವು ಶಾಲೆಗಳಲ್ಲಿ ಕಲಿತ ವಿದ್ಯೆಗಳ ಪಟ್ಟಿ ಬರೆದ ‘ಮೊಕುರೊಕು’ ಒಂದು ಹಂತ. ಪೂರ್ತಿ ವಿದ್ಯೆ ಒಪ್ಪಿಸಿದ್ದೇವೆ ಎನ್ನುವ ‘ಮೆನ್ಕ್ಯೊ ಕೈದೆನ್’ ಕೊನೆಯದು. ಸೊಂಟದ ಪಟ್ಟಿಯ ಕೆಲಸ ಉಡುಪನ್ನು ಬಿಗಿಯುವುದು, ಕತ್ತಿಯನ್ನು ಹಿಡಿದಿಡುವುದು, ಅಷ್ಟೇ. ಅದರ ಬಹುಭಾಗ ಹಕಾಮಾ ಎಂಬ ಅಗಲವಾದ ಪಾಯಿಜಾಮದ ಕೆಳಗೇ ಮುಚ್ಚಿಹೋಗುತ್ತದೆ.

ಹಾಗಾದರೆ ಹಿರಿಯರು ಯಾರು ಅಂತ ನೋಡಿದ ಕೂಡಲೇ ತಿಳಿಯುವುದು ಹೇಗೆ? ಇದನ್ನು ಯಾರೂ ಕೇಳುವುದಿಲ್ಲ. ಆದರೆ ನನಗೆ ಈ ವಿದ್ಯೆಯಲ್ಲಿ ತುಂಬ ಇಷ್ಟವಾದ ವಿಷಯವೇ ಇದು. ಅನೇಕ ಕತ್ತಿ ಶಾಲೆಗಳಲ್ಲಿ ಇಬ್ಬರು ಮರದ ಕತ್ತಿ ಹಿಡಿದು, ಮೊದಲೇ ಗೊತ್ತು ಮಾಡಿದ ವರಸೆ ಅಭ್ಯಾಸ ಮಾಡುತ್ತಾರೆ. ಉಚಿದಾಚಿ ಎಂಬ ಪಾತ್ರದವರು ಮೊದಲು ತಲೆಗೆ ಬೀಸುತ್ತಾರೆ. ಶಿದಾಚಿ ಎಂಬ ಇನ್ನೊಬ್ಬರು ಪಕ್ಕಕ್ಕೆ ಸರಿದು ಅವರ ಮಣಿಕಟ್ಟಿನ ಹತ್ತಿರಕ್ಕೇ ಕತ್ತಿ ತಂದು ನಿಲ್ಲಿಸುತ್ತಾರೆ. ಗೆಲ್ಲುವುದು ಶಿದಾಚಿ. ಸೋಲುವ ಉಚಿದಾಚಿಯೇ ಗುರು! ಏಟು ನಿಜವಾಗಿ ತಲೆಯತ್ತ ಬರಬೇಕು, ಇಲ್ಲದಿದ್ದರೆ ಶಿಷ್ಯ ಸುಮ್ನೆ ಕುಣಿದಂತಾಗುತ್ತದೆ. ಅವನು ಅರೆಗಳಿಗೆ ತಡಮಾಡಿದರೆ ಅದೇ ಏಟನ್ನು ಗುರು ಗಾಳಿಯಲ್ಲೇ ತಡೆದು ನಿಲ್ಲಿಸಬೇಕು. ಹೊಸಬರ ಕೈಯಲ್ಲಿ ಇದಾಗುವುದಿಲ್ಲ. ಆದ್ದರಿಂದ ಮುಂದಿನ ಸಲ ಇಂಥ ವಿಡಿಯೋ ನೋಡುವಾಗ ಸೊಂಟ ನೋಡಬೇಡಿ, ಸೋಲುತ್ತಿರುವವರನ್ನು ನೋಡಿ.