ಬಾಲ ಕಳೆದುಕೊಂಡ ಅಟ್ಯಾಚ್‌ಮೆಂಟ್: ಒಳಗೇನಿದೆ ಎಂದು ಪತ್ತೆ ಹಚ್ಚುವುದು

ಧಾರವಾಡದ ಸಪ್ತಾಪುರದ ಝೆರಾಕ್ಸ್ ಅಂಗಡಿಯಿರಲಿ, ಗದಗಿನ ಪ್ರಿಂಟಿಂಗ್ ಪ್ರೆಸ್ಸಿರಲಿ, ಕಂಪ್ಯೂಟರ್ ಮುಂದೆ ಕೂತವರಿಗೆ ಗೊತ್ತಿರುವ ತಕರಾರು ಇದು. ಮೇಲ್ ಬಂದಿದೆ, ಅಟ್ಯಾಚ್‌ಮೆಂಟೂ ಇದೆ, ಆದರೆ ಹೆಸರು ‘ನೋನೇಮ್’ ಅಥವಾ ‘ಎಟಿಟಿ00001’. ಒತ್ತಿದರೆ ಯಾವುದರಲ್ಲಿ ತೆರೆಯಲಿ ಎಂದು ನಮ್ಮನ್ನೇ ಕೇಳುತ್ತದೆ.

ಮೇಲಿನಲ್ಲಿ ಬರುವ ಫೈಲಿಗೆ ಎರಡು ಚೀಟಿ ಅಂಟಿರುತ್ತವೆ: ಒಂದು ‘ಕಂಟೆಂಟ್-ಟೈಪ್’, ಇನ್ನೊಂದು ಹೆಸರಿನ ಬಾಲ, ಅಂದರೆ ಎಕ್ಸ್‌ಟೆನ್ಶನ್. ಕಳಿಸುವ ಪ್ರೋಗ್ರಾಮಿಗೆ ಫೈಲಿನ ಜಾತಿ ತಿಳಿಯದಿದ್ದರೆ ಮೊದಲ ಚೀಟಿಯಲ್ಲಿ ‘ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ‘ಏನೋ ಒಂದಿಷ್ಟು ಬೈಟುಗಳು’ ಎಂದಷ್ಟೇ ಅದರರ್ಥ. ಆಗ ಬಾಲವೇ ಗತಿ. ಬಾಲವೂ ಹೋಗಿದ್ದರೆ ಫೈಲಿನ ಮೊದಲ ಅಕ್ಷರಗಳನ್ನೇ ಓದಬೇಕು.

ಮೊದಲ ಅಕ್ಷರ ಓದುವುದು

ಫೈಲಿನದೊಂದು ಕಾಪಿ ಮಾಡಿಕೊಂಡು ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪರದೆ ತುಂಬ ಕಸ ಕಾಣುತ್ತದೆ. ಮೊದಲ ಸಾಲು ಸಾಕು. ಸೇವ್ ಮಾತ್ರ ಒತ್ತಬೇಡಿ. ನೋಟ್‌ಪ್ಯಾಡ್ ಎಲ್ಲವನ್ನೂ ಬರೀ ಪಠ್ಯವೆಂದು ತಿಳಿದು ತಿರುಗಿ ಬರೆಯುತ್ತದೆ, ಫೈಲ್ ಕೆಡುತ್ತದೆ.

ಶೇಕಡಾ ಚಿಹ್ನೆಯ ಬೆನ್ನಿಗೆ ‘ಪಿಡಿಎಫ್’ ಇದ್ದರೆ ಅದು ಪಿಡಿಎಫ್. ಒಂದು ವಿಚಿತ್ರ ಅಕ್ಷರದ ನಂತರ ‘ಪಿಎನ್‌ಜಿ’ ಇದ್ದರೆ ಪಿಎನ್‌ಜಿ ಚಿತ್ರ. ಶುರುವಿನಲ್ಲೇ ‘ಜೆಎಫ್‌ಐಎಫ್’ ಅಥವಾ ‘ಎಕ್ಸಿಫ್’ ಕಂಡರೆ ಸಾಮಾನ್ಯವಾಗಿ ಜೆಪೆಗ್ ಫೋಟೊ. ‘ಎಂಝಡ್’ ಎಂದು ಶುರುವಾದರೆ ಅದು ವಿಂಡೋಸಿನ ಪ್ರೋಗ್ರಾಮ್, ಅಲ್ಲೇ ಅಳಿಸಿಬಿಡಿ. ‘ಡಾಕ್‌ಟೈಪ್ ಎಚ್‌ಟಿಎಂಎಲ್’ ಎಂದಿದ್ದರೆ ಬಂದಿರುವುದು ವೆಬ್ ಪುಟ. ಹಾಲ್ ಟಿಕೆಟ್ ಇಳಿಸುತ್ತೇನೆಂದು ಲಾಗಿನ್ ಪುಟವನ್ನೇ ಸೇವ್ ಮಾಡಿ ಕಳಿಸಿರುತ್ತಾರೆ. ಅದಕ್ಕೆ ಬಾಲ ಬದಲಿಸಿ ಪ್ರಯೋಜನವಿಲ್ಲ, ಮತ್ತೆ ತರಿಸಿಕೊಳ್ಳಬೇಕು.

ಎಡವುವುದು ‘ಪಿಕೆ’ ಎಂಬ ಎರಡಕ್ಷರದಲ್ಲಿ. ಪಿಕೆ ಎಂದರೆ ಝಿಪ್. ಆದರೆ ಡಾಕ್ಸ್ (ಈಗಿನ ವರ್ಡ್ ಫೈಲ್), ಈಗಿನ ಎಕ್ಸೆಲ್ ಶೀಟ್, ಪವರ್‌ಪಾಯಿಂಟ್, ಎಕ್ಸ್4 ಆವೃತ್ತಿಯಿಂದ ಈಚಿನ ಕೋರೆಲ್‌ಡ್ರಾ ಫೈಲ್, ಆಂಡ್ರಾಯ್ಡ್ ಆ್ಯಪ್ ಎಲ್ಲವೂ ಒಳಗಿಂದ ಝಿಪ್ಪೇ, ಎಲ್ಲದರ ತಲೆಯಲ್ಲೂ ಪಿಕೆ. ಹಾಗಾಗಿ ಪಿಕೆ ಕಂಡ ಕೂಡಲೇ ಡಾಕ್ಸ್ ಎಂದು ತೀರ್ಮಾನಿಸಬೇಡಿ. ಕಾಪಿಗೆ ಡಾಟ್ ಝಿಪ್ ಬಾಲ ಹಚ್ಚಿ ತೆರೆದು ಒಳಗಿನ ಫೋಲ್ಡರ್ ನೋಡಿ. ‘ವರ್ಡ್’ ಇದ್ದರೆ ಡಾಕ್ಸ್, ‘ಎಕ್ಸ್‌ಎಲ್’ ಇದ್ದರೆ ಎಕ್ಸೆಲ್, ‘ಪಿಪಿಟಿ’ ಇದ್ದರೆ ಪವರ್‌ಪಾಯಿಂಟ್. ‘ಆಂಡ್ರಾಯ್ಡ್‌ಮ್ಯಾನಿಫೆಸ್ಟ್’ ಕಂಡರೆ ಅದು ಆ್ಯಪ್. ಮದುವೆ ಕರೆಯೋಲೆ ಎಂದು ಹೇಳಿಕೊಂಡು ಬಂದಿದ್ದರಂತೂ ಮೋಸವೇ. ಇವು ಯಾವುವೂ ಇಲ್ಲದೆ ಬರೀ ಫೋಟೊಗಳಿದ್ದರೆ ನಿಜವಾದ ಝಿಪ್.

ಜಾತಿ ತಿಳಿದ ಮೇಲೆ ಮೂಲ ಫೈಲಿಗೆ ಸರಿಯಾದ ಬಾಲ ಹಚ್ಚುವುದಷ್ಟೇ. ಇಲ್ಲೂ ಎಡವುವ ಜಾಗವೊಂದಿದೆ. ವಿಂಡೋಸ್ ತನಗೆ ಗೊತ್ತಿರುವ ಬಾಲಗಳನ್ನು ಮುಚ್ಚಿಟ್ಟಿರುತ್ತದೆ. ನೀವು ಡಾಟ್ ಪಿಡಿಎಫ್ ಎಂದು ಬರೆದರೂ ಒಳಗೆ ‘ಡಾಟ್ ಪಿಡಿಎಫ್ ಡಾಟ್ ಟಿಎಕ್ಸ್‌ಟಿ’ ಆಗಿ ಕೂತಿರಬಹುದು. ವಿಂಡೋಸ್ 11ರಲ್ಲಿ ವ್ಯೂ, ಶೋ, ಆಮೇಲೆ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎಂಬುದಕ್ಕೆ ಟಿಕ್ ಹಾಕಿಕೊಂಡೇ ಹೆಸರು ಬದಲಿಸಿ. ಹೆಸರು ಬದಲಿಸಿದರೆ ಚೀಟಿ ಬದಲಾಗುತ್ತದೆ, ಸರಕಲ್ಲ: ವರ್ಡ್ ಫೈಲಿಗೆ ಪಿಡಿಎಫ್ ಬಾಲ ಹಚ್ಚಿದರೆ ಅದು ಪಿಡಿಎಫ್ ಆಗುವುದಿಲ್ಲ.

ಕನ್ನಡದ ಹೆಸರಿಟ್ಟರೆ ಬಾಲ ಏಕೆ ಬೀಳುತ್ತದೆ

‘ಹುಬ್ಬಳ್ಳಿ’ ಎಂದು ಬರೆಯಿರಿ. ಕಣ್ಣಿಗೆ 3 ಅಕ್ಷರ. ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್ ಲೆಕ್ಕದಲ್ಲಿ ಹ, ಉಕಾರದ ಕೊಂಬು, ಬ, ವಿರಾಮ (ಒತ್ತಕ್ಷರ ಮೂಡಿಸುವ ಚಿಹ್ನೆ), ಬ, ಳ, ವಿರಾಮ, ಳ, ಗುಡಿಸು: 9. ಅದನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 27. ಇ-ಮೇಲಿನ ತಲೆಬರಹ (ಹೆಡರ್) ಮೂಲತಃ ಇಂಗ್ಲಿಷ್ ಅಕ್ಷರಗಳಿಗಾಗಿ ಮಾಡಿದ್ದು. ಅದರಲ್ಲಿ ಕನ್ನಡದ ಹೆಸರು ಹೋಗಬೇಕಾದರೆ ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರವಾಗುತ್ತದೆ, ಅಲ್ಲಿಗೆ 81. ಒಂದು ಸಾಲು 78 ಅಕ್ಷರ ಮೀರದಿರಲಿ ಎಂಬುದು ಇ-ಮೇಲ್ ನಿಯಮಗಳ ಶಿಫಾರಸು. ಊರಿನ ಹೆಸರೊಂದೇ ಆ ಗಡಿ ದಾಟಿತು!

ಹಾಗಾಗಿ ಹೆಸರನ್ನು ತುಂಡು ಮಾಡಿ 0, 1, 2 ಎಂದು ನಂಬರ್ ಹಾಕಿ ಕಳಿಸುತ್ತಾರೆ. 1997ರ ಆರ್‌ಎಫ್‌ಸಿ 2231 ಎಂಬ ಇಂಟರ್ನೆಟ್ ನಿಯಮಪತ್ರ ಹೇಳುವ ಕ್ರಮ ಇದು. ಇದನ್ನರಿಯದ ಪ್ರೋಗ್ರಾಮಿಗೆ ತುಂಡು ಜೋಡಿಸಲು ಬರುವುದಿಲ್ಲ. ಬಾಲ ಇರುವುದು ಕೊನೆಯ ತುಂಡಿನಲ್ಲಿ, ಬೀಳುವುದೂ ಅದೇ.

ಆದ್ದರಿಂದ ಕಳಿಸುವಾಗ ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ ಇರಲಿ. ಕನ್ನಡದ ಹೆಸರೇ ಬೇಕೆಂದರೆ ಅದನ್ನು ಸಬ್ಜೆಕ್ಟಿನಲ್ಲಿ ಬರೆಯಿರಿ.

ವಿನ್‌ಮೇಲ್ ಡಾಟ್ ಡ್ಯಾಟ್

ಅಟ್ಯಾಚ್‌ಮೆಂಟ್ ಈ ಹೆಸರಿನಲ್ಲಿ ಬಂದಿದ್ದರೆ ಬಾಲ ಬದಲಿಸುವ ಉಪಾಯ ನಡೆಯದು. ಔಟ್‌ಲುಕ್ ‘ರಿಚ್ ಟೆಕ್ಸ್ಟ್’ನಲ್ಲಿ ಕಳಿಸಿದಾಗ ಅಟ್ಯಾಚ್‌ಮೆಂಟುಗಳನ್ನೆಲ್ಲ ಟಿಎನ್‌ಇಎಫ್ ಎಂಬ ತನ್ನದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ. ಲಿನಕ್ಸಿನಲ್ಲಿ ‘ಟಿಎನ್‌ಇಎಫ್’ ಹೆಸರಿನ ಕಮಾಂಡ್ ಅದನ್ನು ಬಿಚ್ಚುತ್ತದೆ. ಕಳಿಸಿದವರ ಪರಿಚಯವಿದ್ದರೆ ಫೈಲ್, ಆಪ್ಶನ್ಸ್, ಮೇಲ್‌ಗೆ ಹೋಗಿ ರಿಚ್ ಟೆಕ್ಸ್ಟ್ ಬದಲು ಎಚ್‌ಟಿಎಂಎಲ್ ಆರಿಸಿ ಮತ್ತೆ ಕಳಿಸಲು ಹೇಳಿ.

ಅಟ್ಯಾಚ್‌ಮೆಂಟೇ ಇಲ್ಲದೆ ಇ-ಮೇಲಿನ ಮೈತುಂಬ ಅಕ್ಷರಗಳ ಗೋಡೆ ಬಂದಿದ್ದರೆ ಅದು ಬಿಚ್ಚದೆ ಉಳಿದ ಬೇಸ್64, ಅಂದರೆ ಮೇಲಿನಲ್ಲಿ ಕಳಿಸಲೆಂದು ಅಕ್ಷರಗಳಾಗಿ ಬದಲಿಸಿದ ಫೈಲ್. ಗೋಡೆ ‘ಜೆವಿಬಿಇಆರ್’ ಎಂಬ ಐದು ದೊಡ್ಡಕ್ಷರಗಳಿಂದ ಶುರುವಾದರೆ ಒಳಗಿರುವುದು ಪಿಡಿಎಫ್. ಗೋಡೆಯನ್ನು ಪೂರ್ತಿ ಕಾಪಿ ಮಾಡಿ ಪಠ್ಯದ ಫೈಲಾಗಿ ಉಳಿಸಿ, ವಿಂಡೋಸಿನ ‘ಸರ್ಟ್‌ಯುಟಿಲ್’ ಕಮಾಂಡನ್ನು ‘ಡಿಕೋಡ್’ ಆಯ್ಕೆಯೊಂದಿಗೆ ಓಡಿಸಿದರೆ ಫೈಲ್ ಹೊರಬರುತ್ತದೆ. ಕಾಪಿ ಮಾಡುವಾಗ ಕೊನೆಯ ಸಾಲುಗಳು ಬಿಟ್ಟುಹೋದರೆ ಪಿಡಿಎಫ್ ಅರ್ಧಕ್ಕೇ ನಿಲ್ಲುತ್ತದೆ.